ದೇವರ ದೀಪಕ್ಕೆ ಇಟಲಿಯ ‘ಪ’

ನೀಲಾಂಬಿಕ: ಏನ್ರೀ ಇದು! ಈಗಷ್ಟೇ ಹಚ್ಚಿಟ್ಟು ಒಳಗೆ ಹೋಗಿದ್ದೆ. ದೇವರ ದೀಪಾನ ಬಾಯಿಂದ ಊದಿ ಆರಿಸಿದ್ರಾ?

ಸದಾಶಿವಪ್ಪ: ಊದ್ಲಿಲ್ಲ ಕಣೇ. ಉಚ್ಚಾರ ಮಾಡಿದೆ.

ನೀಲಾಂಬಿಕ: ಏನಂತ?

ಸದಾಶಿವಪ್ಪ: ‘ಪ’ ಅಂತ.

ನೀಲಾಂಬಿಕ: ಹುಟ್ಟಿದಾಗಿಂದ ‘ಅಪ್ಪ’ ಅಂತೀರ, ‘ಪಲ್ಯ’ ಅಂತೀರ, ಬೆಳಿಗ್ಗೆ ಎದ್ರೆ ‘ಪೇಪರ್ ಎಲ್ಲಿ’ ಅಂತೀರ. ಒಂದು ದಿನ ಆದ್ರೂ ಈ ಮನೇಲಿ ಒಂದು ಬೆಂಕಿಕಡ್ಡಿ ಆರಿತ್ತಾ?

ಸದಾಶಿವಪ್ಪ: ಅದೇ ತೊಂದ್ರೆ ಆಗಿರೋದು. ಆರಬೇಕಿತ್ತು.

ನೀಲಾಂಬಿಕ: ಮೀಸೆ ಯಾಕೆ ಬೆಳ್ಳಗಾಗಿದೆ?

ಸದಾಶಿವಪ್ಪನವರು ಮೀಸೆ ಮುಟ್ಟಿ ನೋಡಿಕೊಂಡರು. ದೀಪ ಆರಿಸಿದ ‘ಪ’ ಅಲ್ಲಿಗೇ ನಿಲ್ಲದೆ ಪಕ್ಕದ ತಟ್ಟೆಯಲ್ಲಿದ್ದ ವಿಭೂತಿಯನ್ನೂ ಎಬ್ಬಿಸಿ, ಹಣೆಯ ಮೇಲೆ ಇರಬೇಕಾದ್ದನ್ನು ಮೂಗಿನ ಕೆಳಗೆ ತಂದು ಕೂರಿಸಿತ್ತು. ಭಕ್ತಿ ಒಂದು ಅಂತಸ್ತು ಇಳಿದಂತೆ ಕಾಣುತ್ತಿತ್ತು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪೈಪು, ಪಂಪು, ಸ್ಪ್ರೇಯರ್ ಮಾರುವ ಅಂಗಡಿ ಅವರದು. ಪಂಪಿಗೂ ಪೈಪಿಗೂ ಬೇಕಾದಷ್ಟು ‘ಪ’ ಅವರ ಬಾಯಲ್ಲಿ ಧಾರಾಳವಾಗಿಯೇ ಇತ್ತು. ಈಗ ಕೊರತೆ ಬಿದ್ದದ್ದು ಇಟಲಿಯ ‘ಪ’ಕ್ಕೆ. ಕಳೆ ಕೀಳುವ ಸಣ್ಣ ಯಂತ್ರಗಳನ್ನು ಮಾಡುವ ಇಟಲಿಯ ಕಂಪನಿಯೊಂದು ಶಿಕಾರಿಪುರ, ಸೊರಬ ಎರಡು ತಾಲ್ಲೂಕಿಗೂ ಸೇರಿಸಿ ಒಬ್ಬನೇ ಡೀಲರ್‌ನನ್ನು ಹುಡುಕುತ್ತಿತ್ತು. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದವರು ಇಬ್ಬರು. ಇಲ್ಲಿ ಸದಾಶಿವಪ್ಪ, ಅಲ್ಲಿ ಸೊರಬದಲ್ಲಿ ನೀಲಾಂಬಿಕಳ ಖಾಸಾ ತಮ್ಮ ಮಹಾಂತೇಶ್. ಮಹಾಂತೇಶನಿಗೆ ಆಗಲೇ ಟ್ರ್ಯಾಕ್ಟರಿನ ಡೀಲರ್‌ಶಿಪ್ ಇದೆ, ಅಂಗಡಿಗೆ ಗಾಜಿನ ಬಾಗಿಲಿದೆ. ಹಬ್ಬಕ್ಕೆ ಬಂದಾಗಲೆಲ್ಲ ಆ ಬಾಗಿಲಿನ ವಿಷಯ ಎತ್ತುವ ಚಟವೂ ಇದೆ. ಈ ಸಲವಾದರೂ ಭಾವಮೈದುನನ ಮುಂದೆ ಒಂದು ಬೋರ್ಡು ಮೇಲೆ ಏರಬೇಕು ಅನ್ನುವುದು ಸದಾಶಿವಪ್ಪನವರ ಹಟ. ಅಂಗಡಿಯ ನೆತ್ತಿಯ ಮೇಲಿದ್ದ ಹಳೆಯ ಪೈಪಿನ ಬೋರ್ಡನ್ನು ಆಗಲೇ ಇಳಿಸಿ ಜಾಗ ಖಾಲಿ ಮಾಡಿ ಇಟ್ಟಿದ್ದರು.

ಕಂಪನಿಯ ಶಿವಮೊಗ್ಗದ ಮನುಷ್ಯ, ಇಟಾಲಿಯನ್ ಬಲ್ಲ ಪ್ರದೀಪ್ ಫೋನಿನಲ್ಲಿ ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದ. ಗುರುವಾರ ಇಟಲಿಯಿಂದ ಮೇಡಂ ಬರುತ್ತಾರೆ. ಯಂತ್ರದ ಹೆಸರು ಅವರ ಅಜ್ಜನ ಹೆಸರು. ಅದನ್ನು ಕೆಡಿಸಿದರೆ ಅವರ ಮುಖ ಕೆಡುತ್ತದೆ.

ಆ ಹೆಸರು ಚಿಕ್ಕಿಞೋಲಿ. ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಸಿ, ಸಿ, ಸಿ ಎಂದು ಮೂರು ಸಲ ಶೀತವಾದವರ ಹಾಗೆ. ಮೊದಲನೆಯ ಸಿ ‘ಚ’ ಆಗುತ್ತದೆ. ಉಳಿದೆರಡರ ಪಕ್ಕ ಒಂದು ಎಚ್ ಬಂದು ಕೂತರೆ ‘ಚ’ ಅಲ್ಲ, ‘ಕ್ಕ’. ನಮ್ಮ ಇಂಗ್ಲಿಷಿನಲ್ಲಿ ‘ಚ’ ಮಾಡುವುದಕ್ಕೇ ಬರುವ ಎಚ್ಚು ಅಲ್ಲಿ ‘ಚ’ವನ್ನು ತಡೆಯುವುದಕ್ಕೆ ಬರುತ್ತದೆ. ಹೆಚ್ಚೇನು ಹೇಳುವುದು!

ನೀಲಾಂಬಿಕ ದೀಪ ಮತ್ತೆ ಹಚ್ಚಿ, ಗಂಡನಿಗೂ ದೀಪಕ್ಕೂ ನಡುವೆ ಗೋಡೆಯ ಹಾಗೆ ನಿಂತಳು.

ನೀಲಾಂಬಿಕ: ದೀಪ ಆರಿಸು ಅಂತ ಯಾವ ಪಾಠದಲ್ಲಿ ಬರೆದಿದೆ?

ಸದಾಶಿವಪ್ಪ: ಮೊಬೈಲಲ್ಲಿ ಒಬ್ಬಾಕೆ ಪಾಠ ಮಾಡ್ತಾಳೆ. ಇಂಗ್ಲಿಷಿನವನು ‘ಪ’ ಅಂದ್ರೆ ಉಸಿರು ಬುಸ್ ಅಂತ ಹೋಗಿ ಎದುರಿಗಿರೋ ಬತ್ತಿ ಆರುತ್ತಂತೆ. ಇಟಲಿಯವನು ‘ಪ’ ಅಂದ್ರೆ ಅಲುಗಾಡೋದೇ ಇಲ್ಲ. ಆರಿಸೋ ‘ಪ’ದಿಂದ ಆರಿಸದ ‘ಪ’ಕ್ಕೆ ಬರೋದು, ಅದೇ ಮೊದಲ್ನೇ ಪಾಠ.

ನೀಲಾಂಬಿಕ: ನೀವು ಅಂದಾಗ ಮೊದಲು ಆರ್ತಿತ್ತಾ?

ಸದಾಶಿವಪ್ಪ: ಎಲ್ಲಿ ಆರ್ತಿತ್ತು? ಭಾನುವಾರದಿಂದ ‘ಪ ಪ’ ಅಂತ ಬಡ್ಕೊಂಡೆ. ಬತ್ತಿ ಕಲ್ಲಿನ ಬಸವಣ್ಣನ ಹಂಗೆ ಕೂತಿತ್ತು. ಇವತ್ತು ಹೊಟ್ಟೆಯಿಂದ ಗಾಳಿ ತಂದು ಅಂದೆ, ಆರಿತು.

ನೀಲಾಂಬಿಕ: ಹಂಗಾದ್ರೆ ಇಟಲಿ ‘ಪ’ ನಿಮಗೆ ಮೊದಲೇ ಬರ್ತಿತ್ತಲ್ರೀ.

ಸದಾಶಿವಪ್ಪ: ಅದು ಹೆಂಗೆ ಬರುತ್ತೆ? ನಾನಿನ್ನೂ ಕಲ್ತೇ ಇಲ್ಲ! ಪಾಠದ ಹೆಸರು ನೋಡು ಇಲ್ಲಿ, ‘ಇಂಗ್ಲಿಷ್ ಮಾತಾಡುವವರಿಗೆ ಇಟಾಲಿಯನ್ ವ್ಯಂಜನಗಳು’. ಇಂಗ್ಲಿಷಿನವರ ತಪ್ಪು ನನ್ನ ಬಾಯಲ್ಲಿ ಇಲ್ಲದಿದ್ರೆ ತಿದ್ದೋದು ಏನನ್ನ? ಮೊದ್ಲು ತಪ್ಪು ಗಟ್ಟಿ ಆಗ್ಬೇಕು, ಆಮೇಲೆ ಒಂದೊಂದೇ ಬಿಡಿಸ್ಕೊಂತ ಹೋಗ್ಬೇಕು. ಮೈ ಕೊಳೆ ಆಗದೆ ಸ್ನಾನ ಮಾಡಿದ್ರೆ ಅದು ಸ್ನಾನ ಏನು?

ನೀಲಾಂಬಿಕ: ಸ್ನಾನಕ್ಕೆ ಅಂತ ಕೆಸರಲ್ಲಿ ಹೊರಳಾಡೋದನ್ನ ಅಂಜನಾಪುರದ ಎಮ್ಮೆ ಬಿಟ್ರೆ ನಿಮ್ಮಲ್ಲೇ ನೋಡಿದ್ದು.

ಸದಾಶಿವಪ್ಪ: ನಿಂಗೆ ಗೊತ್ತಾಗಲ್ಲ ಬಿಡು. ಕಾನ್ವೆಂಟಲ್ಲಿ ಓದಿದವನು ನಾನು. ಸಿಸ್ಟರ್ ಹತ್ರ ಇಂಗ್ಲಿಷ್ ಕಲ್ತವನು.

ನೀಲಾಂಬಿಕ: ಸಿಸ್ಟರ್ ಮಂಗಳೂರಿನವರು ಅಂತ ನೀವೇ ಅಂದಿದ್ರಿ.

ಸದಾಶಿವಪ್ಪ: ಊರು ಮಂಗಳೂರು, ಉಸಿರು ಲಂಡನ್ನು.

ನೀಲಾಂಬಿಕ: ಆ ಉಸಿರೇ ಈಗ ನನ್ನ ದೀಪಕ್ಕೆ ಬಿತ್ತು ನೋಡಿ.

ಜಗಳ ಅಡುಗೆಮನೆಗೆ ನಡೆಯಿತು. ನೀಲಾಂಬಿಕ ತಟ್ಟೆಯಲ್ಲಿ ರೊಟ್ಟಿ, ಬೆಣ್ಣೆ ಹಾಕಿಟ್ಟಳು. ಸದಾಶಿವಪ್ಪನವರು ರೊಟ್ಟಿ ಮುಟ್ಟದೆ ಗೋಡೆ ನೋಡುತ್ತ ನಾಲಿಗೆ ಆಡಿಸತೊಡಗಿದರು.

ಸದಾಶಿವಪ್ಪ: ಬಟರ್... ಬಟರ್ ಬಟರ್... ಬಡರ್... ಬರರ್...

ನೀಲಾಂಬಿಕ: ತಟ್ಟೇಲೇ ಇದೆಯಲ್ರೀ ಬೆಣ್ಣೆ!

ಸದಾಶಿವಪ್ಪ: ಬೆಣ್ಣೆ ಕೇಳ್ಲಿಲ್ಲ ಕಣೇ, ‘ರ’ ಕೇಳ್ದೆ. ಅಮೆರಿಕದವರು ಬಟರ್ ಅನ್ನೋದನ್ನ ಬೇಗ ಬೇಗ ಅಂದ್ರೆ ನಡುವೆ ಇಟಲಿಯ ‘ರ’ ಬಂದು ಬೀಳುತ್ತಂತೆ. ನಂಗೆ ಅಮೆರಿಕದ ಬಟರ್ರೇ ಕರಗ್ತಾ ಇಲ್ಲ.

ನೀಲಾಂಬಿಕ: ನೀವು ಯಾವ ಊರಿನವರು?

ಸದಾಶಿವಪ್ಪ: ಇದೇನು ಪ್ರಶ್ನೆ? ಶಿಕಾರಿಪುರ.

ನೀಲಾಂಬಿಕ: ಇನ್ನೊಂದ್ಸಲ ಅನ್ನಿ. ಅದ್ರಲ್ಲಿ ‘ರ’ ಇಲ್ವಾ?

ಸದಾಶಿವಪ್ಪ: ಅದು ಊರಿನ ‘ರ’. ಕಲಿತದ್ದಲ್ಲ, ಪುಕ್ಕಟೆ ಬಂದದ್ದು. ಪುಕ್ಕಟೆ ಬಂದದ್ದನ್ನ ಇಟಲಿಯವರ ಮುಂದೆ ತೆಗೆಯೋಕೆ ಆಗುತ್ತಾ?

ನೀಲಾಂಬಿಕ: ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರು ಅಂತಾರೆ. ನೀವು ಬಾಯಲ್ಲಿ ‘ರ’ ಇಟ್ಕೊಂಡು ಅಮೆರಿಕದ ಬೆಣ್ಣೆಗೆ ಅಲೀತಾ ಇದೀರ.

ಸದಾಶಿವಪ್ಪ: ಒಂದು ಖುಷಿ ವಿಷಯ ಕೇಳು. ಜಿ, ಎನ್ ಎರಡೂ ಸೇರಿದ್ರೆ ನಮ್ಮ ‘ಞ’ ಅಂತೆ. ಒಂದ್ನೇ ಕ್ಲಾಸಿಂದ ಆ ಅಕ್ಷರ ಕಂಡ್ರೆ ನಂಗೆ ಕರುಳು ಚುರ್ ಅಂತಿತ್ತು. ವರ್ಣಮಾಲೇಲಿ ಸೀಟು ಐತೆ, ಮಾಡೋಕೆ ಕೆಲ್ಸ ಇಲ್ಲ. ಪಾಪ, ಇಟಲೀಲಿ ನೌಕರಿ ಆಗೈತೆ.

ನೀಲಾಂಬಿಕ: ನಿಮ್ಮ ದೊಡ್ಡಪ್ಪನ ಮಗನಿಗೂ ಅಲ್ಲೇ ಒಂದು ನೋಡಿ. ಎಚ್‌ಗೆ ಏನು ಕೆಲ್ಸ?

ಸದಾಶಿವಪ್ಪ: ಎಚ್ ಬರೀಬೇಕು, ಅನ್ನಂಗಿಲ್ಲ. ‘ಹ’ ಅನ್ನೋ ಶಬ್ದಾನೇ ಇಲ್ಲ ಅವರಿಗೆ.

ನೀಲಾಂಬಿಕ: ನಮ್ಮ ಹಾಲಿನ ಹೂವಮ್ಮ ದಿನಾ ಬಾಗಿಲಲ್ಲಿ ನಿಂತು ‘ಅಕ್ಕಾರೇ, ಆಲು’ ಅಂತಾಳೆ. ನೀವೇ ಅವಳ ‘ಹ’ ತಿದ್ದೋಕೆ ಹೋಗಿ ಹಾಲು ಉಕ್ಕಿಸಿದ್ರಿ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಂದವನು ಮಹಾಂತೇಶ್. ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ಸೊರಬದಿಂದ ಅಕ್ಕನಿಗೆ ಉಪ್ಪಿನಕಾಯಿ ಕೊಡುವ ನೆಪ ಹೂಡಿ ಭಾವನ ತಯಾರಿ ಎಷ್ಟು ಹುಳಿ ಹಿಡಿದಿದೆ ಎಂದು ನೋಡಲು ಬಂದಿದ್ದ.

ಮಹಾಂತೇಶ್: ಎಂತ ಭಾವ, ಗೇಟಿನವರೆಗೂ ಬಟರ್ ಬಟರ್ ಅಂತ ಕೇಳ್ತಿತ್ತು? ಡಾಕ್ಟ್ರು ಬೆಣ್ಣೆ ಬೇಡ ಅಂದ್ರಾ?

ಸದಾಶಿವಪ್ಪ: ಏನಿಲ್ಲಪ್ಪ, ಸುಮ್ನೆ. ನಿನ್ನ ತಯಾರಿ ಎಲ್ಲಿಗೆ ಬಂತು?

ಮಹಾಂತೇಶ್: ಎಂತ ತಯಾರಿ ಮಾರಾಯ್ರೆ. ಮಷೀನ್ ಚೆನ್ನಾಗಿದ್ರೆ ಹೆಸರು ಯಾರಿಗೆ ಬೇಕು? ನಾನಂತೂ ಒಂದಕ್ಷರ ಕಲ್ತಿಲ್ಲ.

ಹೀಗೆ ಹೇಳಿ ಅವನು ಕುರ್ಚಿಯಲ್ಲಿ ಕೂತ ರಭಸಕ್ಕೆ ಜೇಬಿನಲ್ಲಿದ್ದ ಮೊಬೈಲು ಒತ್ತಿಕೊಂಡು, ಅದೇ ಪಾಠದ ಅದೇ ಹೆಂಗಸು ಅವನ ತೊಡೆಯ ಕಡೆಯಿಂದ ‘ಈಗ ನನ್ನ ಜೊತೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕರೆಯತೊಡಗಿದಳು.

ನೀಲಾಂಬಿಕ: ಹೇಳಪ್ಪ ಅವಳ ಜೊತೆ. ಪಾಪ, ಕಾಯ್ತಿದಾಳೆ.

ಮಹಾಂತೇಶ್: (ಮೊಬೈಲಿನ ಬಾಯಿ ಮುಚ್ಚಿಸಿ) ಇನ್ನು ಮುಚ್ಚಿಡೋದು ಎಂತಕ್ಕೆ. ಭಾವ, ಒಂದು ಮಾತು. ಬಾಯಿ ಎದ್ರು ಕಾಗದ ಹಿಡ್ಕೊಂಡು ‘ಪ’ ಅನ್ಬೇಕು ಅಂತಾಳಲ, ನಿಮ್ಮ ಕಾಗದ ಹಾರ್ತದಾ?

ಸದಾಶಿವಪ್ಪ: ನಿಂದು?

ಮಹಾಂತೇಶ್: ತುಟಿಗೆ ಅಂಟಿಸಿ ಹಿಡಿದ್ರೂ ಅಲುಗಾಡಲ್ಲ ಮಾರಾಯ್ರೆ.

ಸದಾಶಿವಪ್ಪ: ಅಯ್ಯೋ ಪಾಪ! ಒಂದು ಸಲಾನೂ?

ಆ ‘ಪಾಪ’ದಲ್ಲಿ ಕರುಣೆ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು. ಸದಾಶಿವಪ್ಪನವರು ಎದ್ದು, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯನ್ನು ಟೀವಿಯ ಪಕ್ಕದಿಂದ ತಂದು ಹಚ್ಚಿ, ಒಂದು ಮಾರು ದೂರ ನಿಂತು ‘ಪ್ಹ!’ ಎಂದರು. ಬತ್ತಿ ಆರಿತು. ಹೊಗೆಯ ಎಳೆಯೊಂದು ಮಹಾಂತೇಶನ ಮುಖದ ಮುಂದೆ ಹಾದುಹೋಯಿತು. ಗಾಜಿನ ಬಾಗಿಲಿನ ಅಂಗಡಿಯ ಮಾಲೀಕ ಮೊದಲ ಸಲ ಭಾವನನ್ನು ಕತ್ತೆತ್ತಿ ನೋಡಿದ.

ಮಹಾಂತೇಶ್: ಭಾವ! ಇದು... ಇದು ಹೆಂಗೆ?

ಸದಾಶಿವಪ್ಪ: ಕಾನ್ವೆಂಟು.

ಮಹಾಂತೇಶ್: ಅಕ್ಕಾ, ನೀನಾದ್ರೂ ಹೇಳೇ, ಸ್ವಲ್ಪ ಹೇಳಿಕೊಡೋಕೆ.

ನೀಲಾಂಬಿಕ: ಹೇಳಿಕೊಡ್ರೀ. ತಪ್ಪು ಮಾಡಿದ್ರೆ ಇಬ್ರೂ ಮಾಡಿ. ನಿಮಗೆ ಬೋರ್ಡು ಸಿಕ್ಕಿದ್ರೆ ತವರಿನವರು ನನ್ನ ಮುಖ ನೋಡಲ್ಲ, ಅವನಿಗೆ ಸಿಕ್ಕಿದ್ರೆ ನೀವು ನೋಡಲ್ಲ. ನನಗೆ ಗೌರಿ ಹಬ್ಬಕ್ಕೆ ಬಾಗಿನಾನೂ ಬೇಕು, ಮನೇಲಿ ಗಂಡನೂ ಬೇಕು.

ಎದುರಾಳಿಗೆ ಗುಟ್ಟು ಬಿಟ್ಟುಕೊಡಬಾರದು ಎಂದು ಸದಾಶಿವಪ್ಪನವರಿಗೆ ಗೊತ್ತಿತ್ತು. ಆದರೆ ಹುಟ್ಟಿದ್ದಕ್ಕೆ ಮೊದಲ ಸಲ ಒಬ್ಬ ಶಿಷ್ಯ ಸಿಕ್ಕಿದ್ದ, ಅದೂ ಗಾಜಿನ ಬಾಗಿಲಿನವನು. ಜಂಭ ಗುಟ್ಟನ್ನು ಗೆದ್ದಿತು.

ಸದಾಶಿವಪ್ಪ: ಹೊಟ್ಟೆ ಹಿಡ್ಕೋ. ತುಟಿ ಬಿಗಿ ಮಾಡು. ಸೈಕಲ್ ಟ್ಯೂಬಿಂದ ಗಾಳಿ ಬಿಟ್ಟಂಗೆ ಬಿಡು. ಹೂಂ.

ಮಹಾಂತೇಶ್: ಪ್ಹ!

ಸದಾಶಿವಪ್ಪ: ಉಗುಳು ಬಂತು, ಉಸಿರು ಬರ್ಲಿಲ್ಲ.

ಮಹಾಂತೇಶ್: ಪ್ಹಾ!

ಸದಾಶಿವಪ್ಪ: ಈಗ ಹದ ಬಂತು. ಇನ್ನು ‘ತ’. ಇಟಲಿಯವರು ನಾಲಿಗೇನ ಹಲ್ಲಿಗೆ ಇಟ್ಟು ‘ತ’ ಅಂತಾರಂತೆ. ನೀನು ಹಲ್ಲಿನ ಹತ್ರ ಹೋಗ್ಬೇಡ. ಇಂಗ್ಲಿಷಿನವರ ಹಂಗೆ ಹಿಂದಕ್ಕೆ ಎಳ್ಕೊಂಡು ‘ಟ್ಹ’ ಅನ್ನು.

ಮಹಾಂತೇಶ್: ಹಲ್ಲಿಗೆ ಇಡೋದೇ ಸರಿ ಅಂದಮೇಲೆ ಹಿಂದಕ್ಕೆ ಎಂತಕ್ಕೆ ಭಾವ?

ಸದಾಶಿವಪ್ಪ: ಸೊರಬಕ್ಕೆ ಹೋಗೋನು ಮೊದ್ಲು ಬಸ್ ಹತ್ಬೇಕಾ ಬೇಡ್ವಾ?

ನೀಲಾಂಬಿಕ: ಸೊರಬದಲ್ಲೇ ಇರೋನು ಸೊರಬಕ್ಕೆ ಹೋಗೋಕೆ ಬಸ್ ಯಾಕ್ರೀ ಹತ್ಬೇಕು?

ಈ ಪ್ರಶ್ನೆಯನ್ನು ಗಂಡಸರಿಬ್ಬರೂ ಕೇಳಿಸಿಕೊಳ್ಳಲಿಲ್ಲ. ಒಬ್ಬ ‘ಪ್ಹ’ ಎನ್ನುತ್ತಿದ್ದ, ಇನ್ನೊಬ್ಬರು ‘ಟ್ಹ’ ಎನ್ನುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಆ ಮನೆಯೊಳಗೆ ಯಾರೋ ಎರಡು ಟಯರಿನ ಗಾಳಿ ಬಿಡುತ್ತಿರುವಂತೆ ಕೇಳಿಸಿತು.

ಬುಧವಾರ ಸಂಜೆಯ ಹೊತ್ತಿಗೆ ಇಂಗ್ಲಿಷಿನವರು ಇಟಾಲಿಯನ್ನಿನಲ್ಲಿ ಮಾಡಬಹುದಾದ ಒಂದು ತಪ್ಪೂ ಬಿಡದ ಹಾಗೆ ಸದಾಶಿವಪ್ಪನವರಿಗೆ ಬಾಯಿಪಾಠವಾಗಿತ್ತು. ಒತ್ತಕ್ಷರವನ್ನು ಒತ್ತದೆ ಜಾರಿಸುವುದು, ‘ರ’ವನ್ನು ನುಂಗುವುದು, ‘ಕ’ಕ್ಕೆ ಕೆಮ್ಮು ಬೆರೆಸುವುದು ಎಲ್ಲ ನೀರು ಕುಡಿದಷ್ಟು ಸಲೀಸು.

ನೀಲಾಂಬಿಕ: ತಿದ್ಕೊಳ್ಳೋ ಪಾಠ ಯಾವಾಗ?

ಸದಾಶಿವಪ್ಪ: ನಾಳೆ ಬೆಳಿಗ್ಗೆ ಮುಗಿಸ್ತೀನಿ. ಮೇಡಂ ಮೊದ್ಲು ಸೊರಬಕ್ಕೆ ಹೋಗಿ ಇಲ್ಲಿಗೆ ಬರೋದು ಮಧ್ಯಾಹ್ನ. ಮತ್ತೆ ಕೇಳು, ನಾಳೆ ಅಂಗಡೀಲಿ ಕನ್ನಡ ಬಂದ್. ಮೇಡಂ ಎದುರಿಗೆ ಇಟಾಲಿಯನ್, ಇಲ್ಲಾಂದ್ರೆ ಇಂಗ್ಲಿಷ್. ಮಹಾಂತೇಶಂಗೂ ಹೇಳೀನಿ. ಯಾರಾದ್ರೂ ಕನ್ನಡ ಆಡಿದ್ರೆ ಹಳ್ಳಿ ಅಂಗಡಿ ಅನ್ಕೊಂತಾರೆ.

ನೀಲಾಂಬಿಕ: ಹಳ್ಳಿಯವರಿಗೇ ಅಲ್ವೇನ್ರೀ ಮಷೀನ್ ಮಾರೋದು?

ಸದಾಶಿವಪ್ಪ: ಮಾರೋದು ಆಮೇಲೆ.

ಆದರೆ ಮೇಡಂ ಸೊರಬದ ಕೆಲಸ ಬೇಗ ಮುಗಿಸಿ ಗುರುವಾರ ಬೆಳಿಗ್ಗೆಯೇ ಬಂದುಬಿಟ್ಟರು. ಸದಾಶಿವಪ್ಪನವರು ಅಂಗಡಿಯ ಮೂಲೆಯಲ್ಲಿ ಕೂತು, ತಿದ್ದುವ ಪಾಠವನ್ನು ಮೊಬೈಲಿನಲ್ಲಿ ತೆರೆಯುತ್ತಿದ್ದಾಗಲೇ ಹೊರಗೆ ಕಾರು ನಿಂತಿತು. ಪ್ರದೀಪ್ ಇಳಿದ. ಹಿಂದೆ ಲೂಚಿಯಾ ಮೇಡಂ ಇಳಿದರು. ನಡುವಯಸ್ಸು, ಕಾಲಿಗೆ ಬೂಟು, ಉಗುರಿನ ಸಂದಿಯಲ್ಲಿ ಎಂಜಿನ್ನಿನ ಕರಿ. ಅವರ ಹಿಂದೆ ತನ್ನ ಕಾರಿನಲ್ಲಿ ಸೊರಬದಿಂದ ಬೆನ್ನಟ್ಟಿಕೊಂಡೇ ಬಂದ ಮಹಾಂತೇಶ್. ಭಾವನ ಹತ್ತಿರ ಬಂದು ಕಿವಿಯಲ್ಲಿ ಉಸುರಿದ.

ಮಹಾಂತೇಶ್: ಶಿ ಸೆಡ್ ಬ್ರಾವೊ, ಭಾವ! ಟು ಮೀ! ಬ್ರಾವೊ!

ಸದಾಶಿವಪ್ಪನವರು ಪಾಠ ಮುಚ್ಚಿ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ತಿದ್ದುಪಡಿಗೆ ಈಗ ಸಮಯವಿಲ್ಲ. ಇದ್ದದ್ದರಲ್ಲೇ ಗೆಲ್ಲಬೇಕು. ಹೊಟ್ಟೆ ಹಿಡಿದು ಮುಂದೆ ನಡೆದರು.

ಸದಾಶಿವಪ್ಪ: ಬೆನ್‌ವೆನ್ಯೂಟ್ಹಾ, ಸಿನ್‌ಯೋಅಅ! ಪ್ಹಿಯಾಚೇಅ! ವೆಲ್ಕಮ್ ಟು ಛಿಖ್ಹಿನ್‌ಯೋ...ಲಿ!

‘ಸ್ವಾಗತ ಮೇಡಂ, ನಿಮ್ಮನ್ನು ಕಂಡು ಸಂತೋಷ’ ಎನ್ನಹೊರಟ ಆ ಇಟಾಲಿಯನ್ನಿನ ರಭಸಕ್ಕೆ ಮೇಜಿನ ಮೇಲಿದ್ದ ಪೈಪಿನ ಜಾಹೀರಾತು ಹಾಳೆ ಹಾರಿ ಕೆಳಗೆ ಬಿತ್ತು. ಲೂಚಿಯಾ ಮೇಡಂ ಕನ್ನಡಕ ತೆಗೆದು ನಿಧಾನಕ್ಕೆ ಒರೆಸಿಕೊಂಡರು. ಆಮೇಲೆ ಬಹಳ ಸೌಜನ್ಯದಿಂದ ನಕ್ಕರು.

ಲೂಚಿಯಾ: ಬ್ರಾವೊ.

ಸದಾಶಿವಪ್ಪ: (ಮಹಾಂತೇಶನ ಕಡೆ ತಿರುಗಿ) ಟು ಮೀ ಆಲ್ಸೋ!

ನೀಲಾಂಬಿಕ ಮನೆಯಿಂದ ಕಾಫಿ ತಂದಿಟ್ಟಳು. ಮೇಡಂ ಕಾಫಿ ಹೀರುತ್ತ, ಅಂಗಡಿಯ ಮೂಲೆಮೂಲೆ ನೋಡುತ್ತ, ಬಾಗಿಲಲ್ಲಿ ಬಂದು ನಿಂತ ಗಿರಾಕಿಯನ್ನೂ ಗಮನಿಸುತ್ತಿದ್ದರು. ಬಂದವನು ಉಡುತಡಿಯ ಚಿಕ್ಕಬೀರಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸ್ಪ್ರೇಯರಿನ ಮೂತಿ.

ಚಿಕ್ಕಬೀರಪ್ಪ: ಸಾವ್ಕಾರ್ರೆ, ಇದ್ರ ವಾಸರ್ ಓಗೈತೆ. ನೀರೆಲ್ಲ ಮೈಮ್ಯಾಲೆ ಬರ್ತೈತೆ. ಒಂದು ವಾಸರ್ ಕೊಡ್ರಿ.

ಸದಾಶಿವಪ್ಪ: ಗುಡ್ ಮಾರ್ನಿಂಗ್. ಪ್ಹ್ಲೀಸ್ ಕಮ್ ಟ್ಹುಮಾರೋ.

ಚಿಕ್ಕಬೀರಪ್ಪ: ಆಂ?

ಸದಾಶಿವಪ್ಪ: ಟ್ಹುಮಾರೋ, ಮೈ ಫ್ರೆಂಡ್. ಟ್ಹುಡೇ ನಾಟ್ ಪ್ಹಾಸಿಬಲ್.

ಚಿಕ್ಕಬೀರಪ್ಪ: (ನೀಲಾಂಬಿಕಳ ಕಡೆ ತಿರುಗಿ) ಅಮ್ಮಾರೇ, ಸಾವ್ಕಾರ್ರಿಗೆ ಏನಾಗೈತೆ? ಗಾಳಿಗೀಳಿ ಸೋಕೈತೇನು?

ನೀಲಾಂಬಿಕ: ಸೋಕಿಲ್ಲಪ್ಪ, ಇವರೇ ಬಿಡ್ತಿದಾರೆ.

ಚಿಕ್ಕಬೀರಪ್ಪ ಎಲ್ಲರನ್ನೂ ಒಂದು ಸಲ ನೋಡಿ, ಮಹಾಂತೇಶನನ್ನಾದರೂ ಕೇಳೋಣ ಎಂದು ಅವನ ಕಡೆ ಸ್ಪ್ರೇಯರಿನ ಮೂತಿ ಚಾಚಿದ. ಮಹಾಂತೇಶ್ ‘ಸಾರಿ, ಐ ಯಾಮ್ ಫ್ರಮ್ ಸೊರಬ’ ಎಂದ. ಚಿಕ್ಕಬೀರಪ್ಪ ಕಂಬಳಿ ಸರಿಪಡಿಸಿಕೊಂಡು ಎದುರಿನ ಅಂಗಡಿಗೆ ಹೋದ. ಲೂಚಿಯಾ ಮೇಡಂ ಅವನು ಹೋಗುವುದನ್ನೇ ನೋಡುತ್ತ ಪ್ರದೀಪನಿಗೆ ಏನೋ ಹೇಳಿದರು.

ಸದಾಶಿವಪ್ಪನವರಿಗೆ ತಡೆಯಲಾಗಲಿಲ್ಲ. ಹೊರಗೆ ಬೋರ್ಡಿನ ಜಾಗ ಇನ್ನೂ ಖಾಲಿ ಇತ್ತು.

ನೀಲಾಂಬಿಕ: (ಮೆಲ್ಲಗೆ) ಕನ್ನಡದಲ್ಲೇ ಕೇಳ್ರೀ. ಪ್ರದೀಪ ಅವರಿಗೆ ಹೇಳ್ತಾನೆ.

ಸದಾಶಿವಪ್ಪನವರು ಹೆಂಡತಿಯ ಕಡೆ ಕಣ್ಣು ಬಿಟ್ಟು, ಮೇಡಂ ಕಡೆ ಹಲ್ಲು ಬಿಟ್ಟು, ಕಾನ್ವೆಂಟಿನ ಇಡೀ ಉಸಿರನ್ನು ಒಟ್ಟುಗೂಡಿಸಿ ಇಂಗ್ಲಿಷಿನಲ್ಲಿ ಕೇಳಿದರು.

ಸದಾಶಿವಪ್ಪ: ಮೇಡಂ, ಪ್ಹ್ಲೀಸ್ ಟ್ಹೆಲ್. ಡೀಲರ್‌ಶಿಪ್ ಟ್ಹು ಶಿಖಾರಿಪ್ಹುರ, ಆರ್ ಟ್ಹು ಸೊರಬ?

ಮಹಾಂತೇಶನೂ ಕುರ್ಚಿಯ ತುದಿಗೆ ಸರಿದ. ಮೇಡಂ ಕಪ್ಪು ಕೆಳಗಿಟ್ಟು, ಇಬ್ಬರ ಕಡೆಗೂ ಮರುಕದಿಂದ ನೋಡಿ, ಎರಡೂ ಕೈ ಆಡಿಸುತ್ತ ಸುಮಾರು ಹೊತ್ತು ಇಟಾಲಿಯನ್ನಿನಲ್ಲಿ ಮಾತಾಡಿದರು. ಅವರ ‘ಪ’ಗಳೆಲ್ಲ ಥೇಟ್ ನೀಲಾಂಬಿಕ ಪಲ್ಯಕ್ಕೆ ಕರೆದ ಹಾಗೆ ಕೇಳಿಸಿದವು. ಮಾತು ಮುಗಿದ ಮೇಲೆ ಎಲ್ಲರೂ ಪ್ರದೀಪನ ಕಡೆ ನೋಡಿದರು. ಪ್ರದೀಪ್ ಕರ್ಚೀಫಿನಿಂದ ಮುಖ ಒರೆಸಿಕೊಂಡ.

ಪ್ರದೀಪ್: ಸಾರ್, ಮೇಡಂ ಹೇಳ್ತಿದಾರೆ, ಮರ್ಯಾದೆ, ಕಾಫಿ ಎಲ್ಲ ಬಹಳ ಚೆನ್ನಾಗಿತ್ತಂತೆ. ಆದ್ರೆ ಮಷೀನ್ ವಿಷ್ಯ ರೈತರಿಗೆ ಅವರ ಮಾತಲ್ಲೇ ತಿಳಿಸೋರು ಬೇಕಂತೆ. ಬೆಳಿಗ್ಗೆ ಸೊರಬದಲ್ಲಿ ಸಿಕ್ಕಿದವರೂ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರು, ಇಲ್ಲಿ ಸಿಕ್ಕಿದವರೂ ಇಂಗ್ಲೆಂಡಿನವರೇ. ಈ ಎರಡು ತಾಲ್ಲೂಕಲ್ಲಿ ಈ ಊರಿನೋರು ಅಂತ ಒಬ್ರೂ ಅಂಗಡಿ ಇಟ್ಟಿಲ್ವಾ ಅಂತ ಕೇಳ್ತಿದಾರೆ.